ಉಳಿದ ಅರ್ಧ ಗಂಟೆ ಯಾರದು?

ರೈಲು ಬೇಗ ತಲುಪಿದಾಗ "ಅರ್ಧ ಗಂಟೆ ಉಳೀತು" ಎನ್ನುತ್ತೇವೆ. ದುಡ್ಡು ಉಳಿಯಿತು ಎಂದಾಗ ಅದು ಎಲ್ಲಿಂದ ಉಳಿಯಿತು ಎಂದು ಕೇಳಬಹುದು. ತರಕಾರಿಯವಳ ಹತ್ತಿರ ಚೌಕಾಸಿ ಮಾಡಿ ಉಳಿಸಿದ ಹತ್ತು ರೂಪಾಯಿ ಅವಳ ಸೆರಗಿನ ಗಂಟಿನಿಂದ ಬಂದದ್ದು. ಬೇಡದ ದೀಪ ಆರಿಸಿ ಉಳಿಸಿದ ಹತ್ತು ರೂಪಾಯಿ ಯಾರ ಗಂಟಿನಿಂದಲೂ ಬಂದದ್ದಲ್ಲ. ಎರಡೂ ಉಳಿತಾಯವೇ, ಆದರೆ ಒಂದೇ ಜಾತಿಯವಲ್ಲ. ಸಮಯದ ವಿಷಯದಲ್ಲಿ ಮಾತ್ರ ನಾವು ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಉಳಿದ ಅರ್ಧ ಗಂಟೆ ಆಕಾಶದಿಂದ ಉದುರಿತು ಎಂಬಂತೆ ಜೇಬಿಗಿಳಿಸಿ ಮನೆಗೆ ಹೋಗುತ್ತೇವೆ.

ಚೆನ್ನೈಯಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. 2022ರ ನವೆಂಬರ್ 11ರಂದು ಚೆನ್ನೈ–ಮೈಸೂರು ವಂದೇ ಭಾರತ್ ಶುರುವಾಯಿತು. ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಅದು. ಗಾಡಿ ತಯಾರಾಗುವುದೂ ಇಲ್ಲಿಯೇ, ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ. ಬೆಳಗ್ಗೆ ಆರಕ್ಕೆ ಮೊದಲೇ ಸೆಂಟ್ರಲ್‌ನಿಂದ ಹೊರಟರೆ ಆಫೀಸಿನವರ ಎರಡನೆಯ ಕಾಫಿಯ ಹೊತ್ತಿಗೆ ಬೆಂಗಳೂರು, ಮಧ್ಯಾಹ್ನದ ಊಟದ ಹೊತ್ತಿಗೆ ಮೈಸೂರು. ಅಲ್ಲಿಯವರೆಗೆ ನಮ್ಮ ಪಾಲಿಗೆ ವೇಗವೆಂದರೆ ಶತಾಬ್ದಿ. ಹೊಸ ಗಾಡಿ ಅದಕ್ಕಿಂತಲೂ ಸುಮಾರು ಅರ್ಧ ಗಂಟೆ ಮೊದಲೇ ಬೆಂಗಳೂರು ಮುಟ್ಟಿಸಿತು.

ಆ ಅರ್ಧ ಗಂಟೆಯ ಬೆಲೆ ನನಗೆ ಚೆನ್ನಾಗಿ ಗೊತ್ತು. ಅಮ್ಮ ಮೈಸೂರಿನಲ್ಲಿದ್ದಾರೆ. ಕಳೆದ ವರ್ಷ ಅವರ ಕಣ್ಣಿನ ಪೊರೆ ತೆಗೆಸಿದ ದಿನ ಬೆಳಗ್ಗೆ ವೇಳಚೇರಿಯ ಮನೆ ಬಿಟ್ಟವನು ಮಧ್ಯಾಹ್ನ ಅವರ ಪಕ್ಕದಲ್ಲಿ ಕೂತಿದ್ದೆ. ಹಾಗಾಗಿ ವೇಗವನ್ನು ಹೀಗಳೆಯುವ ಪ್ರಬಂಧ ಇದಲ್ಲ. ಎತ್ತಿನ ಗಾಡಿಯ ಕಾಲವೇ ಚೆಂದವಿತ್ತು ಎನ್ನುವವರು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೋದವರಲ್ಲ. ನನ್ನ ಪ್ರಶ್ನೆ ಸಣ್ಣದು: ಆ ಅರ್ಧ ಗಂಟೆ ದೀಪ ಆರಿಸಿ ಉಳಿಸಿದ್ದೋ, ಸೆರಗಿನ ಗಂಟಿನಿಂದ ಬಂದದ್ದೋ?

ಉತ್ತರ: ಎರಡೂ ಹೌದು. ವಂದೇ ಭಾರತ್‌ಗೆ ಮುಂದೊಂದು ಎಂಜಿನ್ ಜೋಡಿಸುವುದಿಲ್ಲ, ಅರ್ಧದಷ್ಟು ಬೋಗಿಗಳ ಕೆಳಗೇ ಮೋಟಾರುಗಳಿವೆ. ಅದರಿಂದ ಗಾಡಿ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ನಿಲ್ಲುವ ಊರುಗಳೂ ಕಡಿಮೆ. ಇಷ್ಟು ಪಾಲು ಜಾಣತನದಿಂದ ಹುಟ್ಟಿದ ಸಮಯ, ಯಾರಿಂದಲೂ ಕಿತ್ತದ್ದಲ್ಲ. ಆದರೆ ಗಂಟೆಗೆ 160 ಕಿ.ಮೀ.ಗೆ ಕಟ್ಟಿದ ಈ ಗಾಡಿ ಚೆನ್ನೈಯಿಂದ ಬೆಂಗಳೂರಿಗೆ ಓಡುವ ಸರಾಸರಿ ವೇಗ ಗಂಟೆಗೆ 80 ಕಿ.ಮೀ. ಆಸುಪಾಸು. ಕಾರಣ, ಅದು ಓಡುವುದು ಉಳಿದೆಲ್ಲ ಗಾಡಿಗಳು ಓಡುವ ಅದೇ ಹಳಿಯ ಮೇಲೆ. ಮುಂದೆ ಇನ್ನೊಂದು ಗಾಡಿ ಇದ್ದರೆ ಎಷ್ಟು ಮೋಟಾರಿದ್ದರೂ ಅಷ್ಟೇ. ಆದ್ದರಿಂದ ಮುಂದಿನ ಗಾಡಿಯನ್ನು ಪಕ್ಕಕ್ಕೆ ಸರಿಸಬೇಕು.

ಸರಿಸುವುದು ಹೇಗೆಂದು ರೈಲಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. "ಕ್ರಾಸಿಂಗ್‌ಗೆ ಹಾಕಿದ್ದಾರೆ" ಎನ್ನುತ್ತೇವೆ. ಚೆನ್ನೈಯಿಂದ ತಿರುವಳ್ಳೂರಿನ ಕಡೆಗೆ ನಾಲ್ಕು ಹಳಿಗಳಿವೆ. ಲೋಕಲ್ ಗಾಡಿಗಳ ಪಾಡಿಗೆ ಅವು, ದೂರದ ಗಾಡಿಗಳ ಪಾಡಿಗೆ ಇವು. ಅರಕ್ಕೋಣಂ ದಾಟಿ ಕಾಟ್ಪಾಡಿ, ಆಂಬೂರು, ಜೋಲಾರಪೇಟೆ, ಕುಪ್ಪಂ, ಬಂಗಾರಪೇಟೆ ಎಂದು ಸಾಗುವಾಗ ಬಹುಪಾಲು ದಾರಿಯಲ್ಲಿ ಇರುವುದು ಹೋಗುವುದಕ್ಕೊಂದು, ಬರುವುದಕ್ಕೊಂದು ಹಳಿ. ಹಿಂದಿನಿಂದ ವೇಗದ ಗಾಡಿ ಬಂದರೆ ಮುಂದಿನ ನಿಧಾನದ ಗಾಡಿ ಯಾವುದಾದರೂ ಸ್ಟೇಷನ್ನಿನ ಲೂಪ್ ಲೈನಿಗೆ ಸರಿದು ನಿಲ್ಲಬೇಕು. ದಾಟುವುದಕ್ಕೆ ಬೇಕಾದದ್ದು ಹತ್ತು ಹದಿನೈದು ಸೆಕೆಂಡು. ಆದರೆ ವೇಗದ ಗಾಡಿಗೆ ಒಂದರ ಮೇಲೊಂದು ಹಸಿರು ಸಿಗ್ನಲ್ ಸಿಗಬೇಕಾದರೆ ನಿಧಾನದ್ದು ಬಹಳ ಮೊದಲೇ ದಾರಿ ಬಿಟ್ಟಿರಬೇಕು. ದಾಟಿದ ಮೇಲೆಯೂ ಮುಂದಿನ ಹಳಿ ಖಾಲಿಯಾಗುವವರೆಗೆ ತಡೆಯಬೇಕು. ಆಮೇಲೆ ಮತ್ತೆ ಶೂನ್ಯದಿಂದ ವೇಗ ಹಿಡಿಯಬೇಕು. ಹತ್ತು ಸೆಕೆಂಡಿನ ದಾಟುವಿಕೆಗೆ ಕಾಲು ಗಂಟೆ, ಇಪ್ಪತ್ತು ನಿಮಿಷ ಹೋಗುವುದು ಹೀಗೆ. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ. ಒಂದೇ ಹಳಿಯ ಮೇಲೆ ಎಲ್ಲ ಗಾಡಿಗಳೂ ಒಂದೇ ವೇಗದಲ್ಲಿ ಓಡಿದರೆ ಅತಿ ಹೆಚ್ಚು ಗಾಡಿಗಳನ್ನು ಓಡಿಸಬಹುದು. ವೇಗದ ಅಂತರ ಹೆಚ್ಚಿದಷ್ಟೂ ಹಳಿ ಕಿರಿದಾಗುತ್ತದೆ. ಇದು ರೈಲ್ವೆಯ ಲೆಕ್ಕಾಚಾರದ ಮೊದಲ ಪಾಠ.

ಜಪಾನಿನವರು ಈ ಪಾಠವನ್ನು 1950ರ ದಶಕದಲ್ಲಿಯೇ ಓದಿದರು. ಟೋಕಿಯೊ–ಒಸಾಕಾ ನಡುವಿನ ಹಳೆಯ ಮಾರ್ಗ ತುಂಬಿ ತುಳುಕುತ್ತಿತ್ತು. ಅದರ ಮೇಲೆಯೇ ಇನ್ನಷ್ಟು ವೇಗದ ಗಾಡಿ ತುರುಕುವ ಬದಲು ಪೂರ್ತಿ ಬೇರೆಯೇ ಹಳಿ, ಬೇರೆ ಅಳತೆಯಲ್ಲಿ, ಲೆವೆಲ್ ಕ್ರಾಸಿಂಗ್ ಇಲ್ಲದೆ ಹಾಕಿದರು. ನಾವು ಬುಲೆಟ್ ಟ್ರೈನ್ ಎಂದು ಕರೆಯುವುದಕ್ಕೆ ಅವರಿಟ್ಟ ಹೆಸರು ಶಿಂಕಾನ್ಸೆನ್; ಆ ಪದದ ಅರ್ಥದಲ್ಲಿ ವೇಗವೂ ಇಲ್ಲ, ಗುಂಡೂ ಇಲ್ಲ. ಅದರ ಅರ್ಥ 'ಹೊಸ ಮುಖ್ಯ ಮಾರ್ಗ', ಅಷ್ಟೇ. 1964ರ ಅಕ್ಟೋಬರ್ 1ರಂದು ಅದು ಶುರುವಾಯಿತು. ಹಿಂದೆ ಆರೂವರೆ ಗಂಟೆ ಹಿಡಿಯುತ್ತಿದ್ದ ಪ್ರಯಾಣ ನಾಲ್ಕು ಗಂಟೆಗೆ ಇಳಿಯಿತು. ಇತ್ತ ಮದ್ರಾಸು–ಬೆಂಗಳೂರು ನಡುವೆ ಬೃಂದಾವನ ಎಕ್ಸ್‌ಪ್ರೆಸ್ ಓಡತೊಡಗಿದ್ದೂ ಅದೇ 1964ರಲ್ಲಿ. ಅವರು ವೇಗಕ್ಕೆ ಹಳಿ ಕೊಟ್ಟರು, ನಾವು ವೇಗಕ್ಕೆ ಸರದಿಯಲ್ಲಿ ಮುಂದಿನ ಜಾಗ ಕೊಟ್ಟೆವು. ಬಡ ದೇಶಕ್ಕೆ ಆಗ ಬೇರೆ ದಾರಿ ಇರಲಿಲ್ಲ ಎಂಬುದೂ ನಿಜ.

ಕೆಲವು ವರ್ಷಗಳ ಹಿಂದೆ ಆಫೀಸಿನ ಕೆಲಸದ ಮೇಲೆ ನಗೋಯಾದಲ್ಲಿದ್ದಾಗ ಒಂದು ಭಾನುವಾರ ಕ್ಯೋಟೋಗೆ ಹೋಗಿಬಂದೆ. ಅತಿ ವೇಗದ ನೊಜೊಮಿ ಹಿಡಿದರೆ ಅರ್ಧ ಗಂಟೆ ಚಿಲ್ಲರೆಯ ದಾರಿ. ಅವಸರವಿರಲಿಲ್ಲ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಕೋಡಾಮಾ ಹತ್ತಿದೆ. ಗಿಫು–ಹಶಿಮಾ ಎಂಬ ಸಣ್ಣ ಸ್ಟೇಷನ್ನಿನಲ್ಲಿ ನಮ್ಮ ಗಾಡಿ ಪಕ್ಕದ ಹಳಿಗೆ ಸರಿದು ನಿಂತಿತು. ಕೆಲವು ನಿಮಿಷಗಳ ನಂತರ ನಡುವಿನ ಹಳಿಯಲ್ಲಿ ನೊಜೊಮಿ ಬಿಳಿ ಗೆರೆಯಂತೆ ಹೋಯಿತು. ನಮ್ಮ ಬೋಗಿ ಒಮ್ಮೆ ಅದುರಿತು. ಅಂದರೆ ಬೇರೆಯೇ ಹಳಿ ಹಾಕಿದ ದೇಶದಲ್ಲಿಯೂ ಒಬ್ಬರು ಕಾಯಬೇಕು, ಇನ್ನೊಬ್ಬರು ದಾಟಬೇಕು. ಕ್ರಾಸಿಂಗ್ ಅಲ್ಲೂ ತಪ್ಪಿಲ್ಲ.

ಆದರೆ ಬೋಗಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಎದುರಿನ ಅಜ್ಜಿ ಕಿತ್ತಳೆ ಸುಲಿಯುತ್ತಿದ್ದವರು ಸುಲಿಯುತ್ತಲೇ ಇದ್ದರು. ಒಬ್ಬ ಯುವಕ ಪ್ಲಾಟ್‌ಫಾರಮ್ಮಿಗೆ ಇಳಿದು, ಯಂತ್ರದಿಂದ ಕಾಫಿ ಡಬ್ಬಿ ತೆಗೆದುಕೊಂಡು, ಓಡದೆ ನಡೆದುಕೊಂಡೇ ಬಂದು ಹತ್ತಿದ. ಇಷ್ಟು ಹೊತ್ತು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ಕಾಯುವಿಕೆ ವೇಳಾಪಟ್ಟಿಯಲ್ಲಿಯೇ ಇತ್ತು; ಟಿಕೆಟ್ ಕೊಳ್ಳುವಾಗಲೇ ಅದನ್ನು ಎಣಿಸಿ, ತಲುಪುವ ಹೊತ್ತನ್ನು ಹೇಳಿದ್ದರು. ಅವನು ಕಾದ, ಆದರೆ ಅವನನ್ನು ಯಾರೂ ಕಾಯಿಸಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಕಾಫಿ ಡಬ್ಬಿ ಹಿಡಿದು ನಡೆದು ಬಂದ ಅವನ ನಡಿಗೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನು ಹೇಳಿದ ಕೂಡಲೇ "ನೋಡಿ, ಜಪಾನ್ ಅಂದರೆ ಜಪಾನ್" ಎಂದು ಮಾತು ಮುಗಿಸುವ ಚಪಲ ನಮ್ಮವರಿಗಿದೆ. ಅಷ್ಟು ಸಲೀಸಲ್ಲ. ಅದೇ ನಗೋಯಾ ನಗರದಲ್ಲಿ ಶಿಂಕಾನ್ಸೆನ್ ಮನೆಗಳ ಪಕ್ಕದಲ್ಲಿಯೇ ಎತ್ತರದ ಸೇತುವೆಯ ಮೇಲೆ ಹೋಗುತ್ತದೆ. ದಿನಕ್ಕೆ ನೂರಾರು ಗಾಡಿಗಳ ಸದ್ದು, ನಡುಕ. 1974ರಲ್ಲಿ ಸುಮಾರು ಏಳು ಕಿ.ಮೀ. ಉದ್ದಕ್ಕೂ ಹಳಿಯ ಪಕ್ಕ ವಾಸವಿದ್ದ 575 ಮಂದಿ ನ್ಯಾಯಾಲಯಕ್ಕೆ ಹೋದರು. ನಮ್ಮ ಮನೆಗಳ ಹತ್ತಿರ ಗಾಡಿ ನಿಧಾನ ಹೋಗಲಿ, ಆದ ನಷ್ಟಕ್ಕೆ ಪರಿಹಾರ ಕೊಡಿ ಎಂಬುದು ಅವರ ಬೇಡಿಕೆ. 1980ರಲ್ಲಿ ತೀರ್ಪು ಬಂತು: ಪರಿಹಾರ ಕೊಡಬೇಕು, ಆದರೆ ವೇಗ ತಗ್ಗಿಸುವ ಆದೇಶ ಇಲ್ಲ. ಇಲ್ಲಿ ನಿಧಾನ ಮಾಡಿದರೆ ಮಾರ್ಗದುದ್ದಕ್ಕೂ ಎಲ್ಲರೂ ಅದನ್ನೇ ಕೇಳುತ್ತಾರೆ, ಆಗ ಸಾರ್ವಜನಿಕರಿಗೆ ನಷ್ಟ ಎಂಬುದು ನ್ಯಾಯಾಲಯದ ವಾದ. 1986ರಲ್ಲಿ ಎರಡೂ ಕಡೆ ರಾಜಿಯಾಯಿತು. ಈ ನಡುವೆ, 1975ರಲ್ಲಿ, ಮನೆಗಳಿರುವ ಕಡೆ ಶಿಂಕಾನ್ಸೆನ್ ಸದ್ದು 70 ಡೆಸಿಬಲ್ ದಾಟಬಾರದು ಎಂಬ ಮಾನದಂಡವನ್ನು ಸರ್ಕಾರ ತಂದಿತ್ತು. ಮುಂದೆ ಗಾಡಿಯ ವಿನ್ಯಾಸಕಾರರು ವೇಗದಷ್ಟೇ ಸದ್ದಿನ ಜೊತೆಗೂ ಗುದ್ದಾಡಬೇಕಾಯಿತು. ಶಿಂಕಾನ್ಸೆನ್‌ನ ಉದ್ದ ಮೂಗನ್ನು ಚಿತ್ರದಲ್ಲಿ ನೋಡಿ ಮೆಚ್ಚುತ್ತೇವಲ್ಲ, ಸುರಂಗದ ಬಾಯಲ್ಲಿ ಏಳುವ ಸಿಡಿಲಿನಂಥ ಸದ್ದನ್ನು ತಗ್ಗಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಅಂದರೆ ಬೇರೆ ಹಳಿ ಹಾಕಿದರೂ ಉಳಿದ ಸಮಯದ ಬೆಲೆಯನ್ನು ಯಾರೋ ತೆತ್ತೇ ಇದ್ದರು. ಅವರು ರೈಲಿನೊಳಗೆ ಇರಲಿಲ್ಲ, ಹಾಸಿಗೆಯಲ್ಲಿ ನಿದ್ದೆಗೆಟ್ಟು ಹೊರಳುತ್ತಿದ್ದರು.

ಕಾಸರಗೋಡಿನ ನಮ್ಮವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ತಿರುವನಂತಪುರದಿಂದ ಕಾಸರಗೋಡಿನವರೆಗೆ ಸುಮಾರು 530 ಕಿ.ಮೀ.ಗೆ ಸಿಲ್ವರ್‌ಲೈನ್ ಎಂಬ ಬೇರೆ ಹಳಿ ಹಾಕುತ್ತೇವೆ ಎಂದು ಕೇರಳ ಸರ್ಕಾರ ಹೊರಟಾಗ, 2022ರಲ್ಲಿ ಊರೂರಲ್ಲಿ ಜನ ಸರ್ವೆ ಕಲ್ಲು ಕಿತ್ತು ಬಿಸಾಡಿದರು. ಒಬ್ಬರು ನಾಲ್ಕು ಗಂಟೆಯಲ್ಲಿ ತಲುಪುವುದಕ್ಕೆ ಇನ್ನೊಬ್ಬರ ಅಡುಗೆಮನೆಯ ಮೇಲೆ ಗೆರೆ ಎಳೆಯಬೇಕಿತ್ತು. ಯೋಜನೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಹಳಿ ಹಂಚಿಕೊಂಡರೆ ಕಾಯುವವನಿಂದ, ಹೊಸ ಹಳಿ ಹಾಕಿದರೆ ನೆಲ ಬಿಟ್ಟುಕೊಡುವವನಿಂದ, ಅಂತೂ ಯಾರಿಂದಲೋ ಒಂದು ಪಾಲು ಬಂದೇ ಬರುತ್ತದೆ ಎಂಬುದಷ್ಟೇ ನನ್ನ ಮಾತು.

ಈಗ ನಮ್ಮದೇ ಹಳಿಗೆ ಬರೋಣ. ಬಂಗಾರಪೇಟೆಯಿಂದ ಒಂದು ಕವಲು ಮಾರಿಕುಪ್ಪಂಗೆ, ಎಂದರೆ ಕೆಜಿಎಫ್‌ಗೆ ಹೋಗುತ್ತದೆ. 2001ರ ಫೆಬ್ರುವರಿ ಕೊನೆಯಲ್ಲಿ ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಆ ಊರಿನ ಸಾವಿರಾರು ಮಂದಿ ದಿನಾ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದು, ದುಡಿದು, ರಾತ್ರಿ ಹಿಂತಿರುಗುತ್ತಾರೆ. ಅವರಲ್ಲಿ ಬಹಳ ಮಂದಿಯ ಮನೆಮಾತು ತಮಿಳು. ನಾವು ತಮಿಳುನಾಡಿನಲ್ಲಿ ಕೂತು ಕನ್ನಡ ಮಾತಾಡುತ್ತೇವೆ, ಅವರು ಕರ್ನಾಟಕದಲ್ಲಿ ಕೂತು ತಮಿಳು ಮಾತಾಡುತ್ತಾರೆ. ಎರಡು ಕಡೆಯವರೂ ದುಡಿಮೆಗಾಗಿ ಅದೇ ಹಳಿಯನ್ನು ಬಳಸುತ್ತೇವೆ. ಬಂಗಾರಪೇಟೆಯಿಂದ ಬೆಂಗಳೂರಿನವರೆಗೆ ಚೆನ್ನೈಯಿಂದ ಬರುವ ವೇಗದ ಗಾಡಿಗಳೂ, ಅವರ ಗಾಡಿಗಳೂ ಹಂಚಿಕೊಳ್ಳುವುದು ಆ ಮಾರ್ಗವನ್ನೇ.

ಬಂಗಾರಪೇಟೆಯ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಮಾರನೆಯ ಬೆಳಗ್ಗೆ ಬೆಂಗಳೂರಿಗೆ ಒಂದು ನಿಧಾನದ ಗಾಡಿಯಲ್ಲಿ ಬರುತ್ತಿದ್ದೆ. ದಾರಿಯ ಒಂದು ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಹೆಂಗಸೊಬ್ಬರು ಎರಡು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಟೈಮ್ ನೋಡುತ್ತಿದ್ದರು. ನಾನು ತಮಿಳಿನಲ್ಲಿ "ಏನಮ್ಮಾ, ಅರ್ಜೆಂಟಾ?" ಎಂದೆ. "ಎಂಟೂವರೆಗೆ ಬೆರಳು ಒತ್ತಬೇಕು ಅಣ್ಣಾ" ಎಂದರು. ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಕೆಲಸ, ಕಾಂಟ್ರಾಕ್ಟರ್ ಮೂಲಕ. ಹತ್ತು ನಿಮಿಷದವರೆಗೆ ಪರವಾಗಿಲ್ಲ, ಅದು ದಾಟಿದರೆ ಅರ್ಧ ದಿನದ ಸಂಬಳ ಹೋಯಿತು. "ಹಾಗಾದರೆ ಇದಕ್ಕೆ ಮುಂಚಿನ ಗಾಡಿ ಹಿಡಿಯಬಹುದಲ್ಲ?" ಎಂದೆ. "ಅದು ಹಿಡಿಯೋಕೆ ಮೂರೂವರೆಗೆ ಏಳಬೇಕು. ಈ ಗಾಡಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಹೇಳಿಬಿಟ್ಟರೆ ಅದಕ್ಕೆ ತಕ್ಕ ಹಾಗೆ ಏಳ್ತೀನಿ. ಒಂದಿನ ಐದು ನಿಮಿಷ, ಒಂದಿನ ಇಪ್ಪತ್ತೈದು" ಎಂದರು. ಅಷ್ಟರಲ್ಲಿ ಒಂದು ವೇಗದ ಗಾಡಿ ದಾಟಿಹೋಯಿತು. ಯಾವ ಗಾಡಿ ಎಂದು ಬೋರ್ಡು ಓದುವಷ್ಟರಲ್ಲಿ ಅದು ಇರಲಿಲ್ಲ.

ಅವರ ದೂರು ಕಾಯುವುದರ ಬಗ್ಗೆ ಇರಲಿಲ್ಲ ಎಂಬುದನ್ನು ಗಮನಿಸಿ. ಎಷ್ಟು ಹೊತ್ತು ಎಂದು ತಿಳಿಯದಿರುವುದರ ಬಗ್ಗೆ ಇತ್ತು. ಐದು ನಿಮಿಷವೋ ಇಪ್ಪತ್ತೈದು ನಿಮಿಷವೋ ಎಂದು ಗೊತ್ತಿಲ್ಲದವರು ದಿನಾ ಇಪ್ಪತ್ತೈದು ನಿಮಿಷ ಮೊದಲೇ ಹೊರಡಬೇಕು. ಆಗ ಗಾಡಿ ಸರಿಯಾದ ಹೊತ್ತಿಗೆ ಬಂದ ದಿನವೂ ಅವರ ನಿದ್ದೆ ಹೋಗಿರುತ್ತದೆ. ನಿಂತ ಗಾಡಿಯ ನಿಮಿಷಗಳನ್ನು ಯಾರಾದರೂ ದಾಖಲಿಸಬಹುದು. ಅಡ್ಡಿಯಾದರೆ ಇರಲಿ ಎಂದು ಮೂರೂವರೆಗೆ ಎದ್ದ ನಿಮಿಷಗಳು ಯಾವ ದಾಖಲೆಗೂ ಬರುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. 16 ಬೋಗಿಯ ವಂದೇ ಭಾರತ್‌ನಲ್ಲಿ 1128 ಆಸನ. ಎಲ್ಲವೂ ತುಂಬಿ, ಒಬ್ಬೊಬ್ಬರಿಗೂ ಅರ್ಧ ಗಂಟೆ ಉಳಿದರೆ ಒಟ್ಟು 564 ಗಂಟೆ. ದಾರಿಯಲ್ಲಿ 1500 ಮಂದಿ ಇರುವ ಒಂದೇ ಒಂದು ಗಾಡಿ ಇಪ್ಪತ್ತು ನಿಮಿಷ ನಿಂತರೆ 500 ಗಂಟೆ ಹೋಯಿತು. ಅಂಥವು ಎರಡು ನಿಂತರೆ ಒಟ್ಟಾರೆ ನಷ್ಟ. ಇದು ಯಾವ ದಿನದ ನಿಜವಾದ ಅಂಕಿಯೂ ಅಲ್ಲ; ಲಾಭ ನಷ್ಟ ಎಷ್ಟು ಹತ್ತಿರ ಹತ್ತಿರ ಇರಬಹುದು ಎಂದು ತೋರಿಸುವುದಕ್ಕೆ ಮಾತ್ರ.

ಆದರೆ ಈ ಲೆಕ್ಕವೂ ಅರ್ಧ ಸತ್ಯ. ಅದರಲ್ಲಿ ಎಲ್ಲರ ಗಂಟೆಗೂ ಒಂದೇ ತೂಕ. ನಮ್ಮ ಕಸುಬಿನಲ್ಲಿ ಹಾಗಲ್ಲ. ನನ್ನ ಟೀಮಿನಲ್ಲಿ ಒಬ್ಬೊಬ್ಬರ ಗಂಟೆಗೂ ಒಂದೊಂದು ಬಿಲ್ಲಿಂಗ್ ದರ ಇದೆ. ಸಾರಿಗೆಯ ಅರ್ಥಶಾಸ್ತ್ರಜ್ಞರೂ ಯೋಜನೆಗಳ ಲಾಭ ಕಟ್ಟುವಾಗ ಸಮಯಕ್ಕೆ ಬೆಲೆ ಹಾಕುತ್ತಾರೆ. ಅದಕ್ಕೆ ಹೆಚ್ಚಾಗಿ ಹಿಡಿಯುವ ಅಳತೆಗೋಲು ಸಂಬಳ. ಆ ಅಳತೆಯಲ್ಲಿ ನನ್ನ ಅರ್ಧ ಗಂಟೆ ಆ ಅಕ್ಕನ ಅರ್ಧ ದಿನಕ್ಕೆ ಸಮನಾದರೂ ಆಶ್ಚರ್ಯವಿಲ್ಲ. ಅಂದಮೇಲೆ ಅವರನ್ನು ಕಾಯಿಸುವುದೇ ದೇಶಕ್ಕೆ ಲಾಭ ಎಂದಾಯಿತು.

ಇಲ್ಲಿ ಎಲ್ಲೋ ತಪ್ಪಿದೆ ಎಂದು ಮನಸ್ಸಿಗೆ ಅನ್ನಿಸುತ್ತದಲ್ಲ, ಅದು ಬರೀ ಮರುಕವಲ್ಲ. ಸಂಬಳ ಹೇಳುವುದು ಗಂಟೆಯನ್ನು ಮಾರಿದರೆ ಎಷ್ಟು ಸಿಗುತ್ತದೆ ಎಂಬುದನ್ನು. ಗಂಟೆಯನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನಾನು ಇಪ್ಪತ್ತು ನಿಮಿಷ ತಡವಾದರೆ ರೈಲಿನಿಂದಲೇ ಮೀಟಿಂಗಿಗೆ ಸೇರಿಕೊಳ್ಳುತ್ತೇನೆ, ಯಾರೂ ಸಂಬಳ ಹಿಡಿಯುವುದಿಲ್ಲ. ಅವರು ಇಪ್ಪತ್ತು ನಿಮಿಷ ತಡವಾದರೆ ಅರ್ಧ ದಿನ ಹೋಗುತ್ತದೆ. ದುಬಾರಿ ಗಂಟೆಯವನಿಗೆ ತಡ ಅಗ್ಗ, ಅಗ್ಗದ ಗಂಟೆಯವರಿಗೆ ತಡ ದುಬಾರಿ. ಸಂಬಳದ ತಕ್ಕಡಿ ತೂಗುವುದು ತಲೆಕೆಳಗಾಗಿ.

ಎದುರು ವಾದಗಳಿವೆ, ಗಟ್ಟಿಯಾದವೇ. ವೇಗದ ಗಾಡಿ ಇಲ್ಲದಿದ್ದರೆ ಆ ಸಾವಿರ ಜನ ರೈಲು ಬಿಟ್ಟು ಕಾರು, ವಿಮಾನ ಹಿಡಿಯುತ್ತಾರೆ; ಹೊಗೆ ಹೆಚ್ಚುತ್ತದೆ. ಹೆಚ್ಚು ಚಾರ್ಜು ಕೊಡುವವರಿಂದ ಬಂದ ದುಡ್ಡು ನಷ್ಟದಲ್ಲಿ ಓಡುವ ಅಗ್ಗದ ಗಾಡಿಗಳಿಗೂ ಆಸರೆ. ವೇಗದ ಗಾಡಿಯಲ್ಲಿ ಕೂತವರೆಲ್ಲ ಶ್ರೀಮಂತರಲ್ಲ, ಅಮ್ಮನ ಆಪರೇಷನ್ನಿಗೆ ಹೊರಟವರೂ ಇದ್ದಾರೆ. ಎಲ್ಲರೂ ಸಮ ಎಂದು ಎಲ್ಲ ಗಾಡಿಯನ್ನೂ ನಿಧಾನ ಮಾಡಿದರೆ ಯಾರಿಗೂ ಏನೂ ಸಿಗುವುದಿಲ್ಲ. ಇವೆಲ್ಲವನ್ನೂ ಒಪ್ಪುತ್ತೇನೆ. ಮುಂದೆ ಹೋಗುವವರು ಇರಬಾರದು ಎಂದು ನಾನು ಹೇಳುತ್ತಿಲ್ಲ. ರೈಲ್ವೆಯ ನಿಯಮಗಳಲ್ಲಿಯೇ ಎಲ್ಲರಿಗಿಂತ ಮುಂದೆ ಬಿಡುವ ಗಾಡಿಯೊಂದಿದೆ: ಅಪಘಾತವಾದ ಜಾಗಕ್ಕೆ ಹೊರಟ ಪರಿಹಾರ ಗಾಡಿ. ಅದು ಬಂದರೆ ಎಷ್ಟೇ ಪ್ರತಿಷ್ಠೆಯ ಗಾಡಿಯೂ ಪಕ್ಕಕ್ಕೆ ನಿಲ್ಲಬೇಕು. ಅದಕ್ಕಾಗಿ ನಿಂತ ಬೋಗಿಯಲ್ಲಿ ಯಾರೂ ಗೊಣಗುವುದಿಲ್ಲ. ಏಕೆ ಕಾಯುತ್ತಿದ್ದೇವೆ ಎಂದು ಗೊತ್ತಾದರೆ, ಆ ಕಾರಣ ನಮಗೂ ಒಪ್ಪಿಗೆಯಾದರೆ, ಕಾಯುವುದು ಅವಮಾನ ಅನ್ನಿಸುವುದಿಲ್ಲ.

ಹಾಗಾದರೆ ಮುಂದೆ ಹೋಗುವವರು ಹಿಂದೆ ನಿಂತವರಿಗೆ ಏನು ಬಾಕಿ? ಇದಕ್ಕೆ ನನಗೆ ಉತ್ತರದ ಎಳೆ ಸಿಕ್ಕಿದ್ದು ಎಂಟೆಕ್‌ನ ಹಳೆಯ ಪಾಠದಲ್ಲಿ. ಒಂದೇ ಪ್ರೊಸೆಸರ್, ನೂರಾರು ಕೆಲಸಗಳು. ಯಾವುದು ಮೊದಲು ಎಂದು ಆಪರೇಟಿಂಗ್ ಸಿಸ್ಟಮ್ ತೀರ್ಮಾನಿಸಬೇಕು. ಒಂದೊಂದು ಕೆಲಸಕ್ಕೂ ಒಂದೊಂದು ಆದ್ಯತೆ. ಸದಾ ಆದ್ಯತೆಯವನ್ನೇ ಬಿಟ್ಟರೆ ಕೊನೆಯ ಸಾಲಿನ ಕೆಲಸಕ್ಕೆ ಸರದಿಯೇ ಬರುವುದಿಲ್ಲ. ಇದಕ್ಕೆ ಪಠ್ಯಪುಸ್ತಕ ಇಟ್ಟ ಹೆಸರೇ 'ಸ್ಟಾರ್ವೇಶನ್', ಉಪವಾಸ ಬೀಳುವುದು. ಎಂಐಟಿಯಲ್ಲಿ 1973ರಲ್ಲಿ ಐಬಿಎಂ 7094 ಯಂತ್ರವನ್ನು ಮುಚ್ಚುವಾಗ 1967ರಲ್ಲಿ ಕೊಟ್ಟ ಒಂದು ಕೆಳ ಆದ್ಯತೆಯ ಕೆಲಸ ಇನ್ನೂ ಕಾಯುತ್ತಾ ಕೂತಿತ್ತಂತೆ ಎಂಬ ಕತೆಯನ್ನು ಆ ಪುಸ್ತಕಗಳು ವದಂತಿ ಎಂದೇ ಹೇಳಿ ದಾಖಲಿಸಿವೆ. ಪರಿಹಾರವೂ ಅಲ್ಲಿಯೇ ಇದೆ, ಅದರ ಹೆಸರು 'ಏಜಿಂಗ್'. ಕಾದಷ್ಟೂ ಕಾಯುವವನ ಆದ್ಯತೆ ತಾನಾಗಿ ಏರುತ್ತಾ ಹೋಗಬೇಕು. ಇವತ್ತು ಎರಡು ಬಾರಿ ಪಕ್ಕಕ್ಕೆ ಸರಿದವನನ್ನು ಮೂರನೆಯ ಬಾರಿ ಸರಿಸುವಂತಿಲ್ಲ. ಯಂತ್ರಕ್ಕೆ ಕರುಣೆ ಇಲ್ಲ, ಆದರೂ ಯಂತ್ರವನ್ನು ಕಟ್ಟಿದವರು ಅದಕ್ಕೆ ಇಷ್ಟು ನ್ಯಾಯವನ್ನು ಕಲಿಸಿದ್ದಾರೆ.

ಇದರ ಬೆಳಕಿನಲ್ಲಿ ನನಗೆ ಕಾಣುವ ಬಾಕಿಗಳು ಮೂರು. ಮೊದಲನೆಯದು, ಹೇಳುವುದು. ಎಷ್ಟು ಹೊತ್ತು, ಏಕೆ ಎಂದು ಕಾಯುವವರಿಗೆ ಮೊದಲೇ ತಿಳಿದಿರಬೇಕು. ಕೋಡಾಮಾದ ಯುವಕನಿಗೆ ತಿಳಿದಿದ್ದಂತೆ. ಎರಡನೆಯದು, ಮಿತಿ. ಒಬ್ಬರನ್ನೇ ದಿನಾ ಸರಿಸಬಾರದು, ಕಾದದ್ದು ಎಲ್ಲೋ ಲೆಕ್ಕಕ್ಕೆ ಸೇರಬೇಕು. ಮೂರನೆಯದು, ಹಿಂತಿರುಗಿಸುವುದು. ವೇಗದಿಂದ ಬಂದ ಲಾಭದ ಒಂದು ಪಾಲು ನಿಧಾನದ ಗಾಡಿಯ ಹಳಿಗೇ ಹೋಗಬೇಕು. ಬೆಂಗಳೂರು ದಂಡು–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಯೋಜನೆ ವರ್ಷಗಳಿಂದ ಕುಂಟುತ್ತಾ ಬಂದಿದೆ. ಹೊಸ ವೇಗದ ಗಾಡಿಗೆ ಹಸಿರು ನಿಶಾನೆ ತೋರಿಸಿದಾಗ ಆಗುವ ಸುದ್ದಿ ಇಂಥ ನಾಲ್ಕನೆಯ ಹಳಿಗೆ ಆಗುವುದಿಲ್ಲ. ಆದರೆ ಆ ಅಕ್ಕನ ನಿದ್ದೆ ಇರುವುದು ಅದರಲ್ಲಿ.

ಹೊಸ ಹಳಿ ಬಂದೊಡನೆ ಹಳೆಯ ಹಳಿಯವರಿಗೆ ತಾನಾಗಿ ಒಳ್ಳೆಯದಾಗುತ್ತದೆ ಎಂದೂ ತಿಳಿಯಬೇಕಾಗಿಲ್ಲ. ಜಪಾನಿನಲ್ಲಿ 1997ರಲ್ಲಿ ನಗಾನೊಗೆ ಶಿಂಕಾನ್ಸೆನ್ ಶುರುವಾದ ದಿನವೇ ಪಕ್ಕದ ಹಳೆಯ ಮಾರ್ಗದ ಯೊಕೊಕಾವಾ–ಕರುಯಿಜಾವಾ ಭಾಗವನ್ನು ಮುಚ್ಚಿಬಿಟ್ಟರು. ಹಳೆಯ ಮಾರ್ಗದ ಮುಂದಿನ ಭಾಗ ಸ್ಥಳೀಯ ಕಂಪನಿಯೊಂದರ ಪಾಲಾಯಿತು. ದೊಡ್ಡ ಊರಿನವರಿಗೆ ದೊಡ್ಡ ಊರು ಹತ್ತಿರವಾಯಿತು; ನಡುವಿನ ಒಂದು ಸಣ್ಣ ಊರಿಗೂ ಅದರ ಮುಂದಿನ ಊರಿಗೂ ನಡುವೆ ರೈಲೇ ಇಲ್ಲವಾಯಿತು.

ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಸುಮಾರು 435 ಕಿ.ಮೀ.ಗಳ ಬುಲೆಟ್ ರೈಲು ಮಾರ್ಗದ ಪ್ರಸ್ತಾಪ ಈಗಾಗಲೇ ಇದೆ. ಒಂದು ದಿನ ಬಂದರೆ ಮೊದಲ ವಾರವೇ ಟಿಕೆಟ್ ಮಾಡಿಸುವವರಲ್ಲಿ ನಾವೂ ಇರುತ್ತೇವೆ. ಅಮ್ಮ ಅಲ್ಲಿ, ಕೆಲಸ ಇಲ್ಲಿ ಎಂಬ ನಮ್ಮಂಥವರಿಗೆ ಅದು ದೊಡ್ಡ ವರ. ಹೊಸ ಗಾಡಿ ಬೇಕು, ಹೆಚ್ಚು ಸ್ಟಾಪ್ ಬೇಕು ಎಂದು ಮನವಿ ಕೊಡುವುದರಲ್ಲಿ ಹೊರನಾಡ ಕನ್ನಡ ಸಂಘಗಳು ಎಂದೂ ಹಿಂದೆ ಬಿದ್ದಿಲ್ಲ. ಮುಂದಿನ ಮನವಿಯಲ್ಲಿ ಒಂದು ಸಾಲು ಹೆಚ್ಚು ಬರೆಯೋಣ ಎಂಬುದು ನನ್ನ ಸಲಹೆ. ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ಗಾಡಿಗಳು ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ನಿಲ್ಲುತ್ತವೆ ಎಂಬುದನ್ನು ವೇಳಾಪಟ್ಟಿಯಲ್ಲಿ ಅಚ್ಚು ಹಾಕಿ, ತಿಂಗಳಿಗೊಮ್ಮೆ ನಿಜವಾಗಿ ನಿಂತ ನಿಮಿಷಗಳನ್ನು ಅದರ ಪಕ್ಕದಲ್ಲಿ ಪ್ರಕಟಿಸಿ ಎಂದು. ನಮಗಾಗಿ ಏನನ್ನೂ ಕೇಳದ ಆ ಒಂದು ಸಾಲನ್ನು ಬರೆಯುವುದಕ್ಕೆ ನಮ್ಮ ಕೈಯಲ್ಲಿ ಈಗ ಅರ್ಧ ಗಂಟೆ ಹೆಚ್ಚಿಗೆ ಇದೆ.